ಬಿಳಿಮೂಳೆ ಮನೆತನದ ಬೆರಳುಗಳು

ಮಾರ್ಗಿಲಾನ್ ಪಟ್ಟಣದ ಸಮಸ್ತ ಹಿರಿಯರಿಗೂ ಕಿರಿಯರಿಗೂ, ರೇಷ್ಮೆ ಬಜಾರಿನ ಸಕಲ ವ್ಯಾಪಾರಿಗಳಿಗೂ, ಕಿಟಕಿಗಳ ಹಿಂದೆ ಸದಾ ಎಚ್ಚರವಾಗಿರುವ ನೆರೆಮನೆಯ ಮಹಿಳಾಮಣಿಗಳಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಗುರುವಾರ ಬೆಳಿಗ್ಗೆ ಶ್ರೀಮತಿ ತೋಜಿಖೋನ್ ಅವರ ಅಂಗಳದ ದ್ರಾಕ್ಷಿ ಚಪ್ಪರದ ಕೆಳಗೆ ಒಂದು ಪಿಯಾಲೆ ಒಡೆಯಿತು.

ಪಿಯಾಲೆ ಎಂದರೆ ಚಹಾ ಕುಡಿಯುವ ಪುಟ್ಟ ಬಟ್ಟಲು. ಅದಕ್ಕೆ ಹಿಡಿ ಇರುವುದಿಲ್ಲ. ಅದನ್ನು ಹಿಡಿದಿದ್ದ ಒಂಬತ್ತು ವರ್ಷದ ಲೋಬಾರ್‌ಗೆ ಹಿಡಿತ ಇರಲಿಲ್ಲ. ಹಿಡಿ ಇಲ್ಲದ್ದೂ ಹಿಡಿತ ಇಲ್ಲದ್ದೂ ಜೊತೆಯಾದರೆ ನೆಲವೇ ಗತಿ. ಅಂಥ ಪಿಯಾಲೆಗಳು ಬಜಾರಿನಲ್ಲಿ ಒಂದು ಕರಬೂಜದ ಬೆಲೆಗೆ ಅರ್ಧ ಡಜನ್ ಸಿಗುತ್ತವೆ. ಆದರೆ ತೋಜಿಖೋನ್ ಎದೆಯ ಮೇಲೆ ಕೈಯಿಟ್ಟುಕೊಂಡ ರೀತಿ ನೋಡಿದ್ದರೆ, ಊರಿನ ಮಸೀದಿಯ ಮಿನಾರೇ ಉರುಳಿ ಅವರ ತೊಡೆಯ ಮೇಲೆ ಬಿತ್ತೇನೋ ಅನ್ನಿಸಬೇಕು!

"ನೋಡಿದ್ರಾ ಅಕಾ! ಕಣ್ಣಾರೆ ನೋಡಿದ್ರಾ!" ಎಂದರು ಆಕೆ, ಎದುರಿಗೆ ಕೂತಿದ್ದ ಭಾವ ಹೈದರ್‌ಕುಲ್ ಕಡೆ ತಿರುಗಿ. ಅಕಾ ಅಂದರೆ ಅಣ್ಣ; ತೀರಿಹೋದ ಗಂಡನ ಅಣ್ಣ ಅವರು. ಚಹಾ ಅಂಗಡಿ ಇಟ್ಟುಕೊಂಡವರು, ಬೀದಿಗೆಲ್ಲ ಹಿರಿಯರು. "ಮೊನ್ನೆ ಚಮಚ, ನಿನ್ನೆ ಪೆನ್ಸಿಲ್ಲು, ಇವತ್ತು ಪಿಯಾಲೆ! ನಡೀತಾ ನಡೀತಾ ಮುಗ್ಗರಿಸ್ತಾಳೆ. ಶಾಲೆ ಡಾಕ್ಟರು ನರದ ತೊಂದರೆ ಅಂತಾರೆ. ಎಲ್ಲಿಂದ ಬಂತು ಈ ನರ?"

"ಬುವಿ, ಅದೇ ಜಾರ್ತು..." ಅಂದಳು ಲೋಬಾರ್, ಅಜ್ಜಿಯ ಮುಖ ನೋಡಲು ಹೆದರಿ.

"ಅದೇ ಜಾರ್ತಂತೆ! ಪಿಯಾಲೆಗೇನು ಕಾಲಿದ್ಯಾ? ಎಲ್ಲ ನಿಮ್ಮಮ್ಮನ ಕೊಡುಗೆ, ಚಿನ್ನ. ರೊಟ್ಟಿಗೈಯವಳ ಹೊಟ್ಟೇಲಿ ಹುಟ್ಟಿದ್ಮೇಲೆ ಇನ್ನೇನಾಗುತ್ತೆ!"

ಚೂರುಗಳನ್ನು ಆರಿಸುತ್ತ ಮಂಡಿಯೂರಿದ್ದ ಬಾರ್ನೊ ತಲೆ ಎತ್ತಲಿಲ್ಲ. ರೊಟ್ಟಿಗೈ ಎಂಬುದು ಅವಳ ಬಿರುದು. ಅವಳ ಅಪ್ಪ ತಂದೂರಿನಲ್ಲಿ ನಾನ್ ಸುಡುವವನು. ಹತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ಅವಳೂ ಹಿಟ್ಟು ನಾದಿ, ಉರಿಯುವ ತಂದೂರಿನೊಳಗೆ ತೋಳು ತೂರಿಸಿ, ಗೋಡೆಗೆ ರೊಟ್ಟಿ ಬಡಿದವಳು. ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟ ಕಲೆಗಳು. ಮದುವೆಯ ದಿನ ಅತ್ತೆ ಆ ಕಲೆಗಳನ್ನು ನೋಡಿ, ಬಜಾರಿನಲ್ಲಿ ಕೊಳೆತ ದಾಳಿಂಬೆ ಕಂಡವಳಂತೆ ಮುಖ ತಿರುಗಿಸಿದ್ದರು. ಆ ಮುಖ ಇನ್ನೂ ಪೂರ್ತಿ ಇತ್ತ ತಿರುಗಿಲ್ಲ.

ಯಾಕೆಂದರೆ ತೋಜಿಖೋನ್ ಬಿಳಿಮೂಳೆಯವರು! ನಮ್ಮ ಕಡೆ ಮೂಳೆಗೂ ಬಣ್ಣವುಂಟು. ಸಂತರ ವಂಶದವರದು ಬಿಳಿ ಮೂಳೆ, ಮಿಕ್ಕವರದು ಕಪ್ಪು. ಎಕ್ಸ್‌ರೇಯಲ್ಲಿ ಎಲ್ಲರದೂ ಬೆಳ್ಳಗೇ ಕಾಣುತ್ತದೆ ಎಂಬುದು ಬೇರೆ ಮಾತು. ಅವರನ್ನು ಕಟ್ಟಿಕೊಂಡ ಗಂಡ ಹತ್ತಿ ಸಾಗಿಸುವ ಲಾರಿಗಳ ಮಾಲೀಕ; ಮೂಳೆ ಕಪ್ಪು, ಜೇಬು ಬೆಚ್ಚಗೆ. ಆ ಮನೆಗೆ ಸೊಸೆಯಾಗಿ ಕಾಲಿಟ್ಟ ದಿನದಿಂದ ತೋಜಿಖೋನ್ ಲಾರಿಯವರಿಗೆ ಮರ್ಯಾದೆ ಕಲಿಸುವ ಹೊಣೆ ಹೊತ್ತರು. ಎಂಥ ಮರ್ಯಾದೆ! ಪಿಯಾಲೆಯನ್ನು ಬೆರಳಲ್ಲಿ ಹಿಡಿಯುವುದು ಕೂಲಿಗಳ ಲಕ್ಷಣ. ಕುಲೀನರು ಎರಡು ಅಂಗೈ ನಡುವೆ ಇಟ್ಟು, ಪ್ರಾರ್ಥನೆ ಮಾಡುವವರಂತೆ ಎತ್ತಬೇಕು. ಸೂಜಿಗೆ ದಾರ ಪೋಣಿಸುವುದು ದರ್ಜಿಯ ಕೆಲಸ. ಬೀಗ ತಿರುಗಿಸುವುದು ಕಾವಲುಗಾರನದು. ಪಲಾವಿನ ಮಾಂಸವನ್ನು ಬೇರೆಯವರು ಹೆಚ್ಚಿ ಮುಂದಿಡಬೇಕು. ಇನ್ನು ನಡಿಗೆ! ಬಿಳಿಮೂಳೆಯವರು ನೆಲಕ್ಕೆ ಪಾದ ಎಳೆಯುವುದಿಲ್ಲ. ಮಂಡಿಯನ್ನು ಎತ್ತರಕ್ಕೆತ್ತಿ ಪಾದವನ್ನು ಪಟ್ ಎಂದು ಇಡುತ್ತಾರೆ. ಕುದುರೆ ಮೇಲೆ ಬಾಳಿದವರ ವಂಶ, ಇಳಿದ ಮೇಲೂ ಹತ್ತುವ ಅಭ್ಯಾಸ ಹೋಗಿಲ್ಲ.

ಮದುವೆಯಾದ ಹೊಸತರಲ್ಲಿ ಬಾರ್ನೊ ಈ ನಡಿಗೆಯನ್ನು ಅಭ್ಯಾಸ ಮಾಡಿದ್ದಳು. ಕೊಳಗದಲ್ಲಿ ನೀರು ಹೊತ್ತುಕೊಂಡು ಮಂಡಿ ಎತ್ತೆತ್ತಿ ಅಂಗಳ ದಾಟುವಾಗ ಕೋಳಿಗಳೇ ನಿಂತು ನೋಡುತ್ತಿದ್ದವು. "ಒಂಟೆ ಕೆಸರು ತುಳಿದ ಹಾಗಿದೆ. ರಕ್ತದಲ್ಲಿ ಇರ್ಬೇಕಮ್ಮ, ಅಭ್ಯಾಸದಿಂದ ಬರೋದಲ್ಲ," ಎಂದಿದ್ದರು ಅತ್ತೆ. ಆಗ ಬಾರ್ನೊಗೆ ನಾಚಿಕೆಯಾಗಿತ್ತು. ಈಚೆಗೆ ನಾಚಿಕೆ ಒಣಗಿ ತಿರಸ್ಕಾರ ಮಾತ್ರ ತಳದಲ್ಲಿ ಉಳಿದಿತ್ತು, ಚಹಾ ಕುದಿಸಿ ಕುದಿಸಿ ಕೆಟಲಿನ ತಳದಲ್ಲಿ ಉಳಿಯುವ ಸುಣ್ಣದಂತೆ.

"ಅಕಾ, ನೀವು ಹಿರಿಯರು, ನೀವೇ ತೀರ್ಮಾನ ಕೊಡಿ," ಎಂದು ತೋಜಿಖೋನ್ ದನಿ ಏರಿಸಿದರು. "ನಾಳೆ ಫೆರ್ಗಾನಾಕ್ಕೆ ಹೋಗೋಣ, ನರದ ಡಾಕ್ಟರ ಹತ್ರ. ಅವರು ಹೇಳ್ಲಿ, ಇದು ಈ ಮನೆ ರಕ್ತದ್ದೋ, ಸೊಸೆಯಾಗಿ ಬಂದವರ ಜೊತೆ ಬಂದದ್ದೋ ಅಂತ. ಸೊಸೆಯಾಗಿ ಬಂದು ಯಾರು ಇದನ್ನ ಹೊಸಿಲು ದಾಟಿಸಿದ್ರೋ ಅವರು ತವರಿಗೆ ಹೊರಡ್ಲಿ. ಮಗು ಇಲ್ಲೇ ಇರುತ್ತೆ."

ಹೆಸರು ಹೇಳಲಿಲ್ಲ ನೋಡಿ. ರೊಟ್ಟಿಯವನ ಮಗಳ ಹೆಸರನ್ನು ಗಂಭೀರ ಸಂದರ್ಭದಲ್ಲಿ ಉಚ್ಚರಿಸುವುದು ಬಿಳಿಮೂಳೆಯ ನಾಲಗೆಗೆ ಶೋಭೆಯಲ್ಲ. 'ಯಾರು' ಅಂದರೆ ಸಾಕು, ಅಂಗಳಕ್ಕೆಲ್ಲ ಗೊತ್ತಾಗುತ್ತದೆ.

ಹೈದರ್‌ಕುಲ್ ಗಡ್ಡ ಕೆರೆದುಕೊಂಡರು. "ಅಲ್ಲಮ್ಮ, ಪಿಯಾಲೆ ಒಡೆದಿದ್ದಕ್ಕೆ ಸಂಸಾರ ಒಡೀಬೇಕಾ?"

"ಸಂಸಾರ ಒಡೆಯಲ್ಲ, ಅಕಾ, ರಿಪೇರಿ ಆಗುತ್ತೆ! ನನ್ನ ತಂಗಿ ಮಗಳಿದಾಳೆ. ಬೆರಳು ನೋಡ್ಬೇಕು ನೀವು, ದೀಪದ ಬತ್ತಿ! ಟೀಪಾಟ್ ಎತ್ತೋಕೂ ಆಗಲ್ಲ ಆ ಕೈಯಿಂದ, ಅಷ್ಟು ನಾಜೂಕು!"

"ಅಸ್ಕರ್, ನೀನೇನಂತೀಯೋ?" ಎಂದು ಹೈದರ್‌ಕುಲ್ ಬಾರ್ನೊಳ ಗಂಡನನ್ನು ಕೇಳಿದರು.

ಅಸ್ಕರ್ ತನ್ನ ಪಿಯಾಲೆಯೊಳಗೆ ನೋಡಿದ. ಅಲ್ಲಿ ಅಭಿಪ್ರಾಯವೇನೂ ತೇಲುತ್ತಿರಲಿಲ್ಲ. "ಅಯಾ ಹೇಳಿದ್ಮೇಲೆ..." ಎಂದ. ಅವನ ವಾಕ್ಯಗಳೆಲ್ಲ ಹೀಗೇ, ಅಮ್ಮನಿಂದ ಶುರುವಾಗಿ ಎಲ್ಲಿಗೂ ತಲುಪದೆ ನಿಲ್ಲುತ್ತವೆ.

"ಸರಿ ಮತ್ತೆ," ಎಂದರು ಹೈದರ್‌ಕುಲ್. "ಯಾರ ಜೊತೆ ಬಂತೋ ಆ ಸೊಸೆ ತವರಿಗೆ. ಯಾರೇ ಆಗ್ಲಿ?"

"ಯಾರೇ ಆಗ್ಲಿ!"

"ಈ ಮನೆ ರಕ್ತದ್ದು ಅಂತಾದ್ರೆ ನೀನು ಸಾಯೋವರೆಗೂ ಈ ಮಾತು ಎತ್ಕೂಡದು."

"ಎತ್ತಲ್ಲ! ಓಮಿನ್ ಮಾಡಿ."

ನಮ್ಮಲ್ಲಿ ಹಿರಿಯರು ಅಂಗೈ ಮೇಲೆತ್ತಿ 'ಓಮಿನ್' ಎಂದು ಮುಖ ಸವರಿಕೊಂಡರೆ ಮುಗಿಯಿತು, ಆ ಮಾತಿಗೆ ಮೊಳೆ ಹೊಡೆದಂತೆ. ಎಲ್ಲರೂ ಕೈ ಎತ್ತಿದರು. ಬಾರ್ನೊ ಕೂಡ ಎತ್ತಬೇಕಾಯಿತು, ತನ್ನ ಗಲ್ಲಿಗೆ ತಾನೇ ಓಮಿನ್ ಹೇಳುವವಳಂತೆ... ಕೈಯಲ್ಲಿದ್ದ ಪಿಂಗಾಣಿ ಚೂರು ಬೆರಳನ್ನು ಕುಯ್ದು ರಕ್ತ ಬಂದಿತ್ತು. ಅವಳಿಗೆ ನೋವೇ ಗೊತ್ತಾಗಿರಲಿಲ್ಲ.

ರಕ್ತ ಕಂಡ ಮೇಲೆ ಹೆದರಿದಳು. ನೋವು ಯಾಕೆ ಗೊತ್ತಾಗಲಿಲ್ಲ? ಅಡುಗೆಮನೆಗೆ ಹೋಗಿ ಬೆರಳಿಗೆ ಉಪ್ಪು ಮುಟ್ಟಿಸಿದಳು. ಉರಿಯಲಿಲ್ಲ, ಸುಮ್ಮನೆ ತಣ್ಣಗಿತ್ತು. ಅವಳ ತಾತ ಕೊನೆಗಾಲದಲ್ಲಿ ಕಾಲು ಎಳೆದು ನಡೆಯುತ್ತಿದ್ದ. ಅಯ್ಯೋ ದೇವರೇ... ನಿಜಕ್ಕೂ ನನ್ನಿಂದಲೇ ಬಂದಿದ್ದರೆ? ಅತ್ತೆಯ ಬಾಯಿಂದ ಇಷ್ಟು ವರ್ಷಗಳಲ್ಲಿ ಒಂದೇ ಒಂದು ನಿಜ ಬಂದು, ಅದು ಇದೇ ಆಗಿದ್ದರೆ!

ಅಷ್ಟರಲ್ಲಿ ಅಸ್ಕರ್ ಒಳಗೆ ಬಂದ. ಅಂಗಡಿಗೆ ಹೊರಡಬೇಕು, ತೋಳು ಚಾಚಿದ. ಬಾರ್ನೊ ಅಂಗಿಯ ತೋಳಿನ ಗುಂಡಿ ಹಾಕತೊಡಗಿದಳು. ಮದುವೆಯಾದ ಮರುದಿನದಿಂದ ನಡೆದುಬಂದ ಪದ್ಧತಿ ಇದು. 'ನಿನ್ನ ಕೈಯಿಂದಲೇ ಹಾಕು, ನನಗಿಷ್ಟ' ಎಂದಿದ್ದ ಅವನು ಆಗ. ಇಡೀ ದಾಂಪತ್ಯದಲ್ಲಿ ಪ್ರೀತಿ ಅಂತ ಹೆಸರಿಡಬಹುದಾದ ಸಂಗತಿ ಅದೊಂದೇ. ಅವಳು ಅದನ್ನು ಹಾಲಿನ ಕೆನೆಯಂತೆ ಜೋಪಾನ ಮಾಡಿಕೊಂಡಿದ್ದಳು.

"ಲೋಬಾರ್ ಅಪ್ಪ, ಒಂದು ಮಾತು ಹೇಳಿ. ನಾಳೆ ನನ್ನಿಂದ ಅಂತಾದ್ರೆ ನೀವು ನನ್ನ ಕಳಿಸಿಬಿಡ್ತೀರಾ?"

"ಓಮಿನ್ ಆಗೋಯ್ತಲ್ಲ..."

"ಓಮಿನ್ ಕೇಳ್ಲಿಲ್ಲ ನಾನು. ನಿಮ್ಮನ್ನ ಕೇಳ್ದೆ."

"ನನ್ನ ಕೈಲಿ ಏನಿದೆ, ಬಾರ್ನೊ?"

"ನಿಮ್ಮ ಕೈಲಿ ಏನೂ ಇಲ್ಲ, ಗೊತ್ತು. ಬಾಯಲ್ಲಾದ್ರೂ ಇದ್ಯಾ ಅಂತ ಕೇಳಿದ್ದು! ಒಂಬತ್ತು ವರ್ಷದ ಮಗು ರೀ... ರಾತ್ರಿ ಪಾದ ಸೆಳೆತ ಬಂದ್ರೆ ನನ್ನೇ ಕರೆಯೋದು ಅದು! ಯಾರು ಉಜ್ತಾರೆ ಅದರ ಕಾಲು? ಟೀಪಾಟ್ ಎತ್ತೋಕೆ ಬರದ ಆ ದೀಪದ ಬತ್ತೀನಾ?"

ಅಸ್ಕರ್ ಇನ್ನೊಂದು ತೋಳು ಚಾಚಿದ. ಗುಂಡಿ ಹಾಕಿಸಿಕೊಂಡು ಹೋದ. ಬಾರ್ನೊ ಒಲೆಯ ಮುಂದೆ ಕುಸಿದು, ತಲೆವಸ್ತ್ರದ ಅಂಚನ್ನು ಬಾಯಿಗೆ ತುರುಕಿಕೊಂಡು ಅತ್ತಳು... ಗೋಡೆಯಾಚೆ ಅತ್ತೆ ಫೋನಿನಲ್ಲಿ ತಂಗಿಗೆ ಹೊಸ ಮದುವೆಯ ಅತ್ಲಾಸ್ ರೇಷ್ಮೆಯ ಬಣ್ಣ ಹೇಳುತ್ತಿದ್ದರು. ಹಸಿರೋ ನೇರಳೆಯೋ ಎಂಬ ಚರ್ಚೆ ನಡೆದಿತ್ತು.

ಮರುದಿನ ಐವರೂ ಫೆರ್ಗಾನಾಕ್ಕೆ ಹೊರಟರು. ಆಸ್ಪತ್ರೆಯ ಕಾರಿಡಾರಿನಲ್ಲಿ ತೋಜಿಖೋನ್ ಮಂಡಿ ಎತ್ತಿ, ಪಾದ ಪಟ್ ಪಟ್ ಎನಿಸಿ ನಡೆದ ಗತ್ತಿಗೆ ಬೆಂಚಿನ ರೋಗಿಗಳು ಕಾಲು ಹಿಂದಕ್ಕೆಳೆದುಕೊಂಡರು. ನರದ ಡಾಕ್ಟರ್ ಎಮ್ಮಾ ತ್ಸೋಯ್ ಕೊರಿಯನ್ ಹೆಂಗಸು. ಅವರ ಅಜ್ಜ-ಅಜ್ಜಿಯ ಕಾಲದಿಂದಲೂ ಈ ಕಣಿವೆಯವರೇ. ಕುಳ್ಳು, ಕೆಂಪು ಬಣ್ಣ ಹಚ್ಚಿದ ಕೂದಲು, ಮಾತಿಗೆ ಸಕ್ಕರೆ ಹಾಕುವ ಅಭ್ಯಾಸವಿಲ್ಲ. ಬಾಗಿಲ ಹತ್ತಿರದಿಂದ ಕುರ್ಚಿವರೆಗೆ ತೋಜಿಖೋನ್ ನಡೆದು ಬಂದದ್ದನ್ನು ಆಕೆ ಕನ್ನಡಕದ ಮೇಲಿಂದ ನೋಡಿದರು.

ಮೊದಲು ಲೋಬಾರ್. "ಹಿಮ್ಮಡಿ ಮೇಲೆ ನಡಿ, ಪುಟ್ಟಿ." ಲೋಬಾರ್‌ಗೆ ಆಗಲಿಲ್ಲ. ಮುಂಪಾದ ಮೇಲೇಳಲೇ ಇಲ್ಲ. "ಬೆರಳು ಅಗಲಿಸು. ನಾನು ಒತ್ತುತೀನಿ, ಬಿಡ್ಬೇಡ." ಬೆರಳುಗಳು ಒದ್ದೆ ಕಾಗದದಂತೆ ಮುಚ್ಚಿಕೊಂಡವು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಕಾಗದವೊಂದನ್ನು ಇಟ್ಟು ಎಳೆದರು. ಹಿಡಿದುಕೊಳ್ಳಲು ಹುಡುಗಿ ನಾಲಗೆ ಕಚ್ಚಿ ಹೆಣಗಿದಳು, ಕಾಗದ ಜಾರಿತು. ಕೊನೆಗೆ ಹಿಡಿತ ಅಳೆಯುವ ಉಪಕರಣ ಕೊಟ್ಟರು. ಉಕ್ಕಿನ ಹಿಡಿ, ಮೇಲೊಂದು ಮುಳ್ಳು. ಲೋಬಾರ್ ಹಿಂಡಿದಳು, ಮುಳ್ಳು ನಿದ್ದೆಯಲ್ಲಿ ಮಗ್ಗುಲಾದಂತೆ ಚೂರು ಅಲುಗಿ ಮಲಗಿತು.

"ಅಮ್ಮಾ, ನಾನು ಫೇಲಾ?" ಎಂದಳು ಅವಳು.

"ಇಲ್ಲ ಚಿನ್ನ. ಇದು ಪರೀಕ್ಷೆಯಲ್ಲ," ಎಂದಳು ಬಾರ್ನೊ. ಪರೀಕ್ಷೆ ಯಾರದು ಎಂದು ಅವಳಿಗೆ ಗೊತ್ತಿತ್ತು.

ಡಾಕ್ಟರ್ ಮಗುವಿನ ಪಾದ ಎತ್ತಿ ನೋಡಿದರು. ಅಂಗಾಲು ಕಮಾನಿನಂತೆ ಬಾಗಿತ್ತು. "ಈ ಪಾದ ಯಾರದು ಮನೆಯಲ್ಲಿ?"

"ನಮ್ಮದು!" ತೋಜಿಖೋನ್ ಹೆಮ್ಮೆಯಿಂದ ಬೀಗಿದರು. "ನಮ್ಮಪ್ಪನ ಪಾದ ಇನ್ನೂ ಬಾಗಿತ್ತು. ಕೆಳಗಡೆ ಗುಬ್ಬಚ್ಚಿ ಹಾರಿ ಹೋಗ್ಬಹುದಿತ್ತು! ಚಪ್ಪಟೆ ಪಾದ ಮಣ್ಣು ತುಳಿಯೋರಿಗೆ. ಅದನ್ನ ಬಿಡಿ ಡಾಕ್ಟ್ರೇ, ಆ ಪಾದ ನಮ್ಮದು, ಬಲಹೀನತೆ ಮಾತ್ರ ಅವಳದು."

"ಹೌದಾ? ಹೇಳಿ, ಹೇಳಿ. ನಿಮ್ಮಪ್ಪ ಗುಂಡಿ ಹಾಕ್ಕೊಳ್ತಿದ್ರಾ?"

"ಅವರಾ! ಆಳುಗಳಿದ್ರು ಅದಕ್ಕೆ."

"ಬೀಗ?"

"ನಮ್ಮ ಮನೆತನದಲ್ಲಿ ಬೀಗ ಮುಟ್ಟೋ ಪದ್ಧತಿಯೇ ಇಲ್ಲ!"

ಡಾಕ್ಟರ್ ಒಂದೊಂದನ್ನೂ ಕೇಳಿದರು, ತೋಜಿಖೋನ್ ಒಂದೊಂದನ್ನೂ ಕೊಚ್ಚಿಕೊಂಡರು. ಆಕೆಯ ಅಣ್ಣ ಪೆನ್ನು ಹಿಡಿಯದೆ ಹೆಬ್ಬೆಟ್ಟು ಒತ್ತುತ್ತಿದ್ದದ್ದು, ಚಿಕ್ಕಪ್ಪ ನಾಲ್ಕು ಹೆಜ್ಜೆಗೂ ಗಾಡಿ ತರಿಸುತ್ತಿದ್ದದ್ದು, ತಂಗಿಯ ಮಗಳ ಬತ್ತಿಯಂಥ ಬೆರಳು, ಎಲ್ಲ ಹೊರಬಂತು. ತನ್ನ ವಂಶದ ರೋಗಚರಿತ್ರೆಯನ್ನು ಇಷ್ಟು ಸಡಗರದಿಂದ ಹಾಡಿಕೊಂಡ ಇನ್ನೊಬ್ಬರು ಆ ಆಸ್ಪತ್ರೆಗೆ ಬಂದಿರಲಾರರು. ಬಾರ್ನೊ ಗೋಡೆಗೊರಗಿ ಕೇಳುತ್ತಿದ್ದಳು. ಯಾವುದೋ ಒಂದು ಅವಳ ತಲೆಯೊಳಗೆ ಅಲುಗಾಡತೊಡಗಿತ್ತು. ಇನ್ನೂ ಅದಕ್ಕೆ ಹೆಸರು ಸಿಕ್ಕಿರಲಿಲ್ಲ.

"ಈಗ ತಾಯಿ," ಎಂದರು ಡಾಕ್ಟರ್.

ಬಾರ್ನೊ ಕೂತಳು. ಡಾಕ್ಟರ್ ಅವಳ ಕಣ್ಣು ಮುಚ್ಚಿಸಿ ಬೆರಳ ತುದಿಗೆ ಹತ್ತಿ ಮುಟ್ಟಿಸಿದರು.

"ಗೊತ್ತಾಯ್ತಾ?"

"...ಇಲ್ಲ."

"ಈಗ?"

"ಇಲ್ಲ..."

"ನೋಡಿದ್ರಾ!" ತೋಜಿಖೋನ್ ಕುರ್ಚಿಯಲ್ಲಿ ಅರ್ಧ ಎದ್ದರು. "ನೋಡಿದ್ರಾ ಅಕಾ! ಸತ್ತ ಕೈ! ನಾನು ಹೇಳ್ಲಿಲ್ವಾ!"

ಬಾರ್ನೊಳ ಮುಚ್ಚಿದ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು. ಮುಗಿಯಿತು. ಇನ್ನೇನು, ಮನೆಗೆ ಹೋಗಿ ಬಟ್ಟೆ ಗಂಟು ಕಟ್ಟುವುದು... ಲೋಬಾರ್ ಗೇಟಿನ ಹತ್ತಿರ ನಿಂತು ನೋಡುತ್ತಾಳೆ... ಯಾರೂ ಅವಳ ಕಾಲು ಉಜ್ಜುವುದಿಲ್ಲ...

ಡಾಕ್ಟರ್ ಅವಳ ಬೆರಳನ್ನು ಬೆಳಕಿಗೆ ಹಿಡಿದು ಉಗುರಿನಿಂದ ತಟ್ಟಿದರು. ಟಕ್ ಎಂದು ಶಬ್ದವಾಯಿತು. "ಏನಮ್ಮ ಇದು, ಚರ್ಮಾನಾ ಬೂಟಿನ ಅಟ್ಟೆಯಾ? ತಂದೂರು ಕೆಲಸಾನಾ?"

"ಹ್ಞೂಂ... ಚಿಕ್ಕಂದಿನಿಂದ."

"ಅದನ್ನ ಮೊದಲೇ ಹೇಳ್ಬಾರ್ದಾ! ಸುಟ್ಟು ಸುಟ್ಟು ಜಡ್ಡುಗಟ್ಟಿದೆ, ಅಷ್ಟೇ." ಹತ್ತಿಯನ್ನು ಬೆರಳ ಹಿಂಬದಿಗೆ ತಾಗಿಸಿದರು. ಬಾರ್ನೊ ಕಚಗುಳಿಯಾದಂತೆ ಕೈ ಎಳೆದುಕೊಂಡಳು. ತಟ್ಟಿದರೆ ಕಂಪಿಸುವ ಶ್ರುತಿಕವೆಯನ್ನು ಗೆಣ್ಣಿನ ಮೇಲಿಟ್ಟರು; ಅದರ ಝೇಂಕಾರ ಮೊಣಕೈವರೆಗೂ ಏರಿತು. ಆಮೇಲೆ ಉಕ್ಕಿನ ಹಿಡಿ ಕೊಟ್ಟರು. ಬಾರ್ನೊ ಹಿಂಡಿದಳು. ಇಷ್ಟು ವರ್ಷ ಹೇಳದೆ ನುಂಗಿದ ಮಾತುಗಳನ್ನೆಲ್ಲ ಒಂದೇ ಮುಷ್ಟಿಯಲ್ಲಿ ಹಿಂಡಿದಳು. ಮುಳ್ಳು ಎದ್ದು ಓಡಿತು.

"ಪೈಲ್ವಾನ್ ಕೈ," ಎಂದು ಅತ್ತೆ ಮೂಗು ಮುರಿದರು. "ಹೆಂಗಸಿಗೆ ಇದು ಶೋಭೇನಾ!"

ಅಸ್ಕರ್‌ನ ಸರದಿ ಬಂದಾಗ ಮುಳ್ಳು ಮತ್ತೆ ಸೋಮಾರಿಯಾಯಿತು. ಡಾಕ್ಟರ್ ಅವನಿಗೆ, "ತೋಳು ಮಡಿಸಬೇಕು, ಗುಂಡಿ ಬಿಚ್ಚಿ," ಎಂದರು. ಅಸ್ಕರ್ ಬೆರಳಿಂದ ತಡಕಾಡಿದ. ತಡಕಾಡಿ, ಬೆವೆತು, ಕೊನೆಗೆ ಅಭ್ಯಾಸಬಲದಿಂದ ಹೆಂಡತಿಯತ್ತ ತೋಳು ಚಾಚಿದ.

"ಯಾವಾಗಿನಿಂದ ಗುಂಡಿ ಹಾಕೋಕಾಗಲ್ಲ?" ಎಂದು ಕೇಳಿದರು ಡಾಕ್ಟರ್.

ಅಸ್ಕರ್ ತಲೆ ತಗ್ಗಿಸಿದ. "ಮದುವೆಗೆ ಮುಂಚೆಯಿಂದ..."

ಬಾರ್ನೊಳ ಕೈ ಅವನ ತೋಳಿನ ಮೇಲೇ ನಿಂತುಬಿಟ್ಟಿತು. ನಿನ್ನ ಕೈಯಿಂದಲೇ ಹಾಕು, ನನಗಿಷ್ಟ... ಹಾಗಾದರೆ ಇಷ್ಟು ವರ್ಷ ಅವಳು ಪ್ರೀತಿ ಅಂತ ಜೋಪಾನ ಮಾಡಿದ್ದು ಈ ಮನುಷ್ಯನ ಸೋತ ಬೆರಳುಗಳನ್ನು! ಅವಳಿಗೆ ಅಳುವೂ ಬರಲಿಲ್ಲ. ನಗು ಬಂತು, ಅದನ್ನು ಕೆಮ್ಮಿನಲ್ಲಿ ಮುಚ್ಚಿದಳು. ಹೇಳಿದ್ದರೆ ಏನಾಗುತ್ತಿತ್ತು, ಮೂರ್ಖ? ಹೇಳಿದ್ದರೂ ಹಾಕುತ್ತಿದ್ದೆನಲ್ಲ!

ಅಸ್ಕರ್ ಎದ್ದ ಮೇಲೆ ತೋಜಿಖೋನ್ ಕೈಚೀಲ ಎತ್ತಿಕೊಂಡರು. "ಮುಗೀತಲ್ಲ ಡಾಕ್ಟ್ರೇ? ಹೇಳಿಬಿಡಿ."

"ಮುಗೀಲಿಲ್ಲ. ತಂದೆಯಲ್ಲೂ ಇದೆ, ಮಗುವಲ್ಲೂ ಇದೆ. ತಂದೆಗೆ ಎಲ್ಲಿಂದ ಬಂತು ಅಂತ ನೋಡ್ಬೇಕು. ಅವರಪ್ಪ ಇದಾರಾ?"

"ಇಲ್ಲ, ನನ್ನ ತಮ್ಮ ಅವನು. ಹೋಗ್ಬಿಟ್ಟ," ಎಂದರು ಹೈದರ್‌ಕುಲ್.

"ಹಾಗಾದ್ರೆ ನೀವು ಬನ್ನಿ."

ಹೈದರ್‌ಕುಲ್ ಉಕ್ಕಿನ ಹಿಡಿಯನ್ನು ಹಿಂಡಿದರು. "ಮುರಿದುಹೋದ್ರೆ ನಾನು ಹೊಣೆಯಲ್ಲ ನೋಡಿ, ಚಹಾ ಕಾಯಿಸೋ ಸಮೋವಾರ್ ಹೊರೋ ಕೈ ಇದು," ಎಂದು ನಕ್ಕರು. ಮುಳ್ಳು ಬಾರ್ನೊಳದಕ್ಕಿಂತಲೂ ಮುಂದೆ ಹೋಯಿತು. ಮಣಿಕಟ್ಟಿಗೆ ತಂತಿ ಹಚ್ಚಿ ಕರೆಂಟು ಮುಟ್ಟಿಸಿದಾಗ ಅಜ್ಜನ ಬೆರಳು ಚಂಗನೆ ನೆಗೆಯಿತು, ಜೊತೆಗೊಂದು ಬೈಗುಳವೂ ನೆಗೆಯಿತು. ಲೋಬಾರ್ ಕಿಲಕಿಲ ನಕ್ಕಳು.

"ಈಗ ನೀವು, ಅಮ್ಮ," ಎಂದು ಡಾಕ್ಟರ್ ತೋಜಿಖೋನ್‌ರನ್ನು ಕರೆದರು.

"ನಾನಾ? ಅಗತ್ಯ ಏನಿದೆ?"

"ಎರಡೂ ಕಡೆಯ ಕೈ ನೋಡದೆ ಯಾವ ಕಡೆಯಿಂದ ಬಂತು ಅಂತ ನಾನು ಹೇಳಲ್ಲ."

ತೋಜಿಖೋನ್ ಮಹಾರಾಣಿ ಮುತ್ತಿಡಲು ಕೈ ನೀಡುವಂತೆ ಕೈ ನೀಡಿದರು. ಉಕ್ಕಿನ ಹಿಡಿಯನ್ನು ಎರಡು ಅಂಗೈ ನಡುವೆ ತೆಗೆದುಕೊಂಡರು. "ಹಾಗಲ್ಲ, ಒಂದೇ ಕೈ," ಎಂದರು ಡಾಕ್ಟರ್. ಒಂದೇ ಕೈಯಲ್ಲಿ ಹಿಡಿಯುವಷ್ಟರಲ್ಲಿ ಅದು ಮಡಿಲಿಗೆ ಬಿತ್ತು. ಮತ್ತೆ ಕೊಟ್ಟರು. ಆಕೆ ಹಿಂಡಿದರು; ಹಣೆಯ ನರ ಉಬ್ಬಿತು. ಮುಳ್ಳು ಕದಲಲೇ ಇಲ್ಲ. "ಇದೆಲ್ಲ ಕೂಲಿಯವರ ಆಟ," ಎಂದರು ಆಕೆ, ಆದರೆ ದನಿಯಲ್ಲಿ ಮೊದಲಿನ ಗತ್ತಿರಲಿಲ್ಲ. ಕಾಗದ ಜಾರಿತು. ಬೆರಳುಗಳು ಮುಚ್ಚಿಕೊಂಡವು. ಹೆಬ್ಬೆರಳ ಬುಡದ ಮಾಂಸ ಕರಗಿ ಗುಳಿಬಿದ್ದಿದ್ದನ್ನು ಬಾರ್ನೊ ಮೊದಲ ಬಾರಿಗೆ ನೋಡಿದಳು. ಸದಾ ಶಾಲಿನ ಕೆಳಗಿರುತ್ತಿದ್ದ ಕೈ ಅದು.

ತಂತಿ ಹಚ್ಚಿ ಕರೆಂಟು ಕೊಟ್ಟರು. ಡಾಕ್ಟರ್ ಪರದೆಯ ಮೇಲಿನ ಗೆರೆಯನ್ನು ನೋಡುತ್ತ ಕಾದರು. ಗೆರೆ ತಡವಾಗಿ, ತುಂಬ ತಡವಾಗಿ, ಗುಡ್ಡ ಹತ್ತಿ ಸುಸ್ತಾದ ಮುದುಕಿಯಂತೆ ಎದ್ದಿತು.

"ನನ್ನ ಕೈ ತಣ್ಣಗಿದೆ, ಅದಕ್ಕೇ!"

"ಅದಕ್ಕೇ ಮೊದಲು ಬಿಸಿನೀರಿನ ಚೀಲ ಇಟ್ಟಿದ್ದು," ಎಂದರು ಡಾಕ್ಟರ್, ತಂತಿ ಬಿಚ್ಚುತ್ತ.

ಹೈದರ್‌ಕುಲ್ ಗಂಟಲು ಸರಿಮಾಡಿಕೊಂಡರು. ಓಮಿನ್ ಹೇಳಿದವರು ಅವರು, ಕೇಳಬೇಕಾದವರೂ ಅವರೇ. "ಡಾಕ್ಟ್ರಮ್ಮ, ನಮಗೆ ಒಂದೇ ಮಾತು ಸಾಕು. ಈ ಕಾಯಿಲೆ ನಮ್ಮ ರಕ್ತದ್ದೋ, ಸೊಸೆಯಾಗಿ ಬಂದವರ ಜೊತೆ ಬಂತೋ?"

"ಸೊಸೆ ಜೊತೆ ಬಂತು," ಎಂದರು ಡಾಕ್ಟರ್.

"ಅಲ್ಹಮ್ದುಲಿಲ್ಲಾ!" ತೋಜಿಖೋನ್ ಎದ್ದು ನಿಂತರು. ಕಣ್ಣಲ್ಲಿ ನೀರಿತ್ತು, ಗೆಲುವಿನ ನೀರು. "ಕೇಳಿದ್ರಾ! ದೇವರೇ ಹೇಳಿಸಿದ! ಅಸ್ಕರ್, ಟ್ಯಾಕ್ಸಿಯವನಿಗೆ ಹೇಳು, ಮೊದಲು ರೊಟ್ಟಿಯವನ ಮನೆ ಹತ್ರ ನಿಲ್ಸು ಅಂತ!"

ಲೋಬಾರ್ ಓಡಿಬಂದು ಅಮ್ಮನ ಸೊಂಟ ತಬ್ಬಿಕೊಂಡಳು. ಅವಳ ಬೆರಳುಗಳು ಗಟ್ಟಿಯಾಗಿ ಹಿಡಿಯಲು ನೋಡಿದವು, ಹಿಡಿಯಲಾಗದೆ ಜಾರಿದವು. "ಅಮ್ಮಾ, ಹೋಗ್ಬೇಡ! ನಾನು ಇನ್ನೇನೂ ಬೀಳಿಸಲ್ಲ! ಅಮ್ಮಾ..."

"ಸ್ವಲ್ಪ ಸುಮ್ಮನಿರ್ತೀರಾ ಎಲ್ರೂ?" ಡಾಕ್ಟರ್ ತ್ಸೋಯ್ ಮೇಜು ತಟ್ಟಿದರು. "ಮಗುವಿನ ತಾಯಿ ನರಗಳೆಲ್ಲ ಚೆನ್ನಾಗಿವೆ. ಅಜ್ಜಂದೂ ಚೆನ್ನಾಗಿದೆ. ಮೊಮ್ಮಗಳಿಗೆ ಅಪ್ಪನಿಂದ ಬಂತು, ಅಪ್ಪನಿಗೆ ಅವನ ಅಮ್ಮನಿಂದ. ಒಳ್ಳೆ ನರದಲ್ಲಿ ಸಂದೇಶ ಕಾರಿನ ಹಾಗೆ ಓಡುತ್ತೆ. ನಿಮ್ಮ ನರದಲ್ಲಿ ಕತ್ತೆಗಾಡಿ, ಅಮ್ಮ. ಎತ್ತರದ ಪಾದ, ಎತ್ತಿಡೋ ಹೆಜ್ಜೆ, ಮುಟ್ಟದ ಬೀಗ, ನಿಮ್ಮ ಅಪ್ಪ, ಅಣ್ಣ, ತಂಗಿ ಮಗಳು... ನೀವೇ ಎಲ್ಲ ಹೇಳಿದ್ರಿ. ನಾನು ಇಷ್ಟು ಚೆಂದ ಹೇಳೋಕಾಗ್ತಿರ್ಲಿಲ್ಲ. ರಕ್ತ ಪರೀಕ್ಷೆ ಬೇಕಾದ್ರೆ ತಾಷ್ಕೆಂಟಿಗೆ ಕಳಿಸ್ತೀನಿ, ಆದ್ರೆ ನನಗೇನೂ ಸಂಶಯ ಇಲ್ಲ. ಈ ಮನೆಗೆ ಇದು ಸೊಸೆ ಜೊತೇನೇ ಬಂದಿದೆ. ನಿಮ್ಮ ಮದುವೆ ಯಾವಾಗ ಆಯ್ತು?"

ಗಡಿಯಾರ ಮಾತ್ರ ಟಕಟಕ ಎನ್ನುತ್ತಿತ್ತು, ಅದಕ್ಕೆ ಮರ್ಯಾದೆ ಕಲಿಸಿದವರು ಯಾರೂ ಇರಲಿಲ್ಲ.

ಹೈದರ್‌ಕುಲ್ ಗಡ್ಡ ಸವರಿದರು. ಒಂದು ಸಲ ಮೇಲಿಂದ ಕೆಳಕ್ಕೆ. ಇನ್ನೊಂದು ಸಲ. "ಹ್ಞಾ... ಓಮಿನ್ ಹೇಳಿದ್ವಲ್ಲಮ್ಮ. ಸೊಸೆಯಾಗಿ ಬಂದು ಯಾರು ಹೊಸಿಲು ದಾಟಿಸಿದ್ರೋ ಅವರು ತವರಿಗೆ. ಯಾರೇ ಆಗ್ಲಿ ಅಂತ ನಾನು ಕೇಳ್ದೆ. ಯಾರೇ ಆಗ್ಲಿ ಅಂತ ನೀನಂದೆ."

"ನಾನು ಸೊಸೆಯಲ್ಲ!" ತೋಜಿಖೋನ್ ಚೀರಿದರು. "ನಾನು ಅತ್ತೆ!"

"ಇವಳಿಗೆ ಅತ್ತೆ. ನಮ್ಮನೆಗೆ ಸೊಸೆ. ನಿನ್ನ ಮದುವೆ ದಿಬ್ಬಣದ ಮುಂದೆ ಕಹಳೆ ಊದಿಸಿದೋನು ನಾನೇ. ಗಾಡಿಯಿಂದ ಇಳಿದು ಮಂಡಿ ಎತ್ತಿ ನಡ್ಕೊಂಡು ಬಂದೆ ನೋಡು, ಎಂಥ ಠೀವಿ ಅಂತ ನಮ್ಮಮ್ಮ ದಂಗಾಗಿದ್ರು, ಪಾಪ."

"ತವರಿಗೆ... ಎಲ್ಲಿ ತವರು ನನಗೆ..."

"ಅದೂ ಒಂದು ಸಮಸ್ಯೆ. ನಿಮ್ಮಪ್ಪನ ಮನೆ ಜಾಗದಲ್ಲಿ ಈಗ ಕಾರು ತೊಳೀತಾರೆ."

ಅಸ್ಕರ್ ಬಾಯಿ ತೆರೆದ. "ಅಯಾ ಹೇಳಿದ್ಮೇಲೆ..." ಎಂದ, ಅಮ್ಮ ಈ ಸಲ ಏನೂ ಹೇಳಿಲ್ಲ ಎಂಬುದು ಹೊಳೆದು ಮುಚ್ಚಿದ.

"ಓಮಿನ್ ಕಟ್ಟಿದ್ದು ನಾವು," ಎಂದು ಹೈದರ್‌ಕುಲ್ ಬಾರ್ನೊ ಕಡೆ ತಿರುಗಿದರು. "ಯಾರ ಮೇಲೆ ಕತ್ತಿ ಎತ್ತಿದ್ವೋ ಅವಳೇ ಬಿಚ್ಚಬೇಕು. ಕೆಲಿನ್, ನೀನು ಹೇಳಮ್ಮ. ಕಳಿಸಲಾ?"

ಕೆಲಿನ್ ಅಂದರೆ ಸೊಸೆ. ಆ ಶಬ್ದಕ್ಕೆ ಕೋಣೆಯಲ್ಲಿದ್ದ ಇಬ್ಬರು ಹೆಂಗಸರೂ ಬೆಚ್ಚಿದರು.

ಬಾರ್ನೊ ಅತ್ತೆಯನ್ನು ನೋಡಿದಳು. ಎಷ್ಟು ರಾತ್ರಿ ಇಂಥದೊಂದು ಗಳಿಗೆಗೆ ಹಾತೊರೆದಿದ್ದಳು! ಆಡಬೇಕೆಂದು ಕೂಡಿಟ್ಟ ಮಾತುಗಳು ಮೂಟೆಗಟ್ಟಲೆ ಇದ್ದವು. ಆದರೆ ಎದುರಿಗೆ ನಿಂತದ್ದು ಬಿಳಿಮೂಳೆಯೂ ಅಲ್ಲ, ಕಪ್ಪು ಮೂಳೆಯೂ ಅಲ್ಲ. ಶಾಲಿನ ಕೆಳಗೆ ಕೈ ಬಚ್ಚಿಟ್ಟುಕೊಂಡ ಒಂದು ಸುಳ್ಳು. ಇಡೀ ಜನ್ಮ ಹೆದರಿಕೆಯನ್ನು ಗತ್ತು ಎಂದು ಕರೆದು, ಆ ಗತ್ತಿನಿಂದ ಇನ್ನೊಬ್ಬಳನ್ನು ತುಳಿದ ಸುಳ್ಳು. ಕರುಣೆ ಬರಬಹುದೇನೋ ಎಂದು ಬಾರ್ನೊ ಕಾದಳು. ಬರಲಿಲ್ಲ.

"ಎಲ್ಲಿಗೂ ಬೇಡ, ಅಮಕಿ. ಕಾರು ತೊಳೆಯೋರು ಇವರನ್ನ ತಡ್ಕೊಳ್ಳಲ್ಲ," ಎಂದಳು ಗಂಡನ ದೊಡ್ಡಪ್ಪನಿಗೆ. "ಮನೆಗೇ ಬರ್ಲಿ. ಆದ್ರೆ ಇವತ್ತಿಂದ ನನ್ನ ಮಗಳ ಮುಂದೆ ಇದನ್ನ ಮನೆತನ ಅನ್ಕೂಡದು. ಕಾಯಿಲೆ ಅನ್ನಬೇಕು. ಯಾವುದು ತನ್ನ ಕೈಲಾಗಲ್ಲ ಅಂತ ಅವಳು ಬಾಯಿಬಿಟ್ಟು ಹೇಳೋದು ಕಲೀಬೇಕು. ಡಾಕ್ಟ್ರೇ, ಇದು ಹೋಗುತ್ತಾ?"

"ಹೋಗಲ್ಲ. ಆದ್ರೆ ಬಾಳ್ಬಹುದು. ಕಾಲಿಗೆ ಪಟ್ಟಿ, ಕೈಗೆ ವ್ಯಾಯಾಮ, ವರ್ಷಕ್ಕೊಂದು ಸಲ ಹೀಗೇ ಹಿಂಡಿ ನೋಡೋದು. ಬಚ್ಚಿಡದೆ ಇದ್ರೆ ಅರ್ಧ ಕಷ್ಟ ಕಡಿಮೆ."

ಹೊರಗೆ ಟ್ಯಾಕ್ಸಿ ನಿಂತಿತ್ತು. ಹೈದರ್‌ಕುಲ್ ಮುಂದೆ ಕೂತರು. ಅಸ್ಕರ್ ಅಭ್ಯಾಸದಂತೆ ಹೆಂಡತಿಯ ಮುಖ ನೋಡಿದ. "ಆ ಕಡೆಯಿಂದ ಹತ್ತಿ," ಎಂದಳು ಅವಳು, ರಸ್ತೆಯಲ್ಲಿ ಬಿದ್ದಿದ್ದ ಕಸ ನೋಡುವವಳಂತೆ. ಈ ಕಡೆಯ ಬಾಗಿಲ ಮುಂದೆ ತೋಜಿಖೋನ್ ನಿಂತಿದ್ದರು. ಕಾರಿನ ಬಾಗಿಲ ಹಿಡಿ ಒಳಕ್ಕೆ ಹುದುಗಿದ್ದು. ಬೆರಳು ತೂರಿಸಿ ಎಳೆಯಬೇಕು. ಆಕೆ ಕಾದರು. ಯಾರಾದರೂ ತೆಗೆಯುತ್ತಾರೆ, ಇಷ್ಟು ವರ್ಷ ಯಾರಾದರೂ ತೆಗೆದೇ ಇದ್ದಾರೆ.

ಬಾರ್ನೊ ಮಗಳ ಕೈ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಅಲುಗಲಿಲ್ಲ.

ಡ್ರೈವರ್ ಹಾರ್ನ್ ಮಾಡಿದ. "ಹತ್ತಿ ತಾಯಿ, ಏನು ಕಾರಿನ ಮುಂದೆ ಕಹಳೆ ಊದಿಸಬೇಕಾ?"

ತೋಜಿಖೋನ್ ಹಿಡಿಯೊಳಗೆ ಬೆರಳು ತೂರಿಸಿದರು. ಎಳೆದರು. ಬೆರಳುಗಳು ಒಂದೊಂದಾಗಿ ಕಳಚಿಕೊಂಡವು. ಮತ್ತೆ ತೂರಿಸಿದರು. ಸೊಸೆಯ ಕಡೆಗೆ ತಿರುಗದೆ, ಬಾಗಿಲಿಗೇ ಹೇಳುವಂತೆ ಮೆಲ್ಲಗೆ ಅಂದರು:

"ತೆಗಿಯಮ್ಮ... ನನ್ನ ಕೈಲಾಗಲ್ಲ."

ಲೋಬಾರ್ ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು, ಹೊಸ ಪಾಠ ಕೇಳಿಸಿಕೊಳ್ಳುವವಳ ಹಾಗೆ ಬಾಯಿ ತೆರೆದು. ಅದಕ್ಕಾಗಿ ಮಾತ್ರ ಬಾರ್ನೊ ಕೈ ಚಾಚಿ ಬಾಗಿಲು ತೆಗೆದಳು.